ಮೊದಲ ಮಡಿಕೆ

ಅಡಿಕೆ ಒಣಹಾಕುವ ಅಂಗಳಕ್ಕೆ ಕಾವಲೆಂದು ಹಾಕಿಸಿದ ಕ್ಯಾಮೆರಾ, ಕಳ್ಳರು ಬರುವ ಮೊದಲೇ ಕಣ್ಣು ಮುಚ್ಚಿತು. ಶಿಕಾರಿಪುರದ ಮೊಬೈಲ್ ಅಂಗಡಿಯ ಹುಡುಗ ಅದರ ಮೆಮೊರಿ ಕಾರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದ. "ಓದಬಹುದು ಸಾರ್, ಬರೆಯೋಕಾಗಲ್ಲ. ಹಗಲೂ ರಾತ್ರಿ ಅಳಿಸಿ ಅಳಿಸಿ ಬರೀತಿದ್ರೆ ಎಷ್ಟು ದಿನ ಬಾಳತ್ತೆ? ಏನಾದ್ರೂ ಅಲುಗಾಡಿದಾಗ ಮಾತ್ರ ಬರಿ ಅಂತ ಅದಕ್ಕೆ ಹೇಳಿಡಬೇಕಿತ್ತು." ಕೊನೆಯ ದೃಶ್ಯದಲ್ಲಿ ಪಕ್ಕದ ಮನೆಯ ನಾಯಿ ಮೈ ಕೆರೆದುಕೊಳ್ಳುತ್ತಿತ್ತು.

ಸೊರಬದ ಬಸ್ಸು ಶಿರಾಳಕೊಪ್ಪ ದಾಟುವವರೆಗೂ ನನಗೆ ಮುತ್ತಜ್ಜನ ಕಡತದ್ದೇ ಧ್ಯಾನ.

ಅದು ನಮ್ಮ ಅಟ್ಟದಲ್ಲಿ ಈಗಲೂ ಇದೆ. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು, ಒಣಗಿಸಿ, ಹಿಂದಕ್ಕೂ ಮುಂದಕ್ಕೂ ಮಡಿಸಿದ ಕಪ್ಪು ಪುಸ್ತಕ. ಬಳಪದಲ್ಲಿ ಬರೆಯುವುದು, ಬೇಡವಾದರೆ ಒರೆಸುವುದು. ಶೃಂಗೇರಿ ಮಠದ ಲೆಕ್ಕಪತ್ರಗಳೂ ಇಂಥ ಕಡತಗಳಲ್ಲೇ ಉಳಿದು ಬಂದಿವೆ. ಮುತ್ತಜ್ಜನದು ಅಂಥ ದೊಡ್ಡ ದಫ್ತರವೇನಲ್ಲ. ಯಾರಿಗೆ ಎಷ್ಟು ಭತ್ತ ಕೊಟ್ಟದ್ದು, ಯಾವ ಆಳಿಗೆ ಎಷ್ಟು ಬಾಕಿ, ಅಷ್ಟೇ. ಒಳಗಿನ ಮಡಿಕೆಗಳು ಇವತ್ತಿಗೂ ಕಾಡಿಗೆಗಪ್ಪು. ಮೊದಲ ಮಡಿಕೆ ಮಾತ್ರ ಬೋಳು. ಬಳಿದದ್ದೆಲ್ಲ ಉದುರಿ ನೂಲಿನ ಹಾಸುಹೊಕ್ಕು ಕಾಣುತ್ತದೆ, ಬೆರಳಾಡಿಸಿದರೆ ಗೋಣಿಯ ಒರಟು. ಯಾರ ಲೆಕ್ಕ ಎಷ್ಟನೇ ಮಡಿಕೆಯಲ್ಲಿದೆ ಎಂಬ ಪಟ್ಟಿ ಅಲ್ಲಿತ್ತಂತೆ. ಒಳಗೆ ಯಾವ ಮೂಲೆಯಲ್ಲಿ ಏನು ಬದಲಾದರೂ ಒರೆಸಿಕೊಳ್ಳುವ ಪಾಡು ಅದರದು.

ಕ್ಯಾಮೆರಾದ ಕಾರ್ಡಿನೊಳಗಿರುವ, ತೋಷಿಬಾದ ಫುಜಿಯೊ ಮಸುವೊಕ 1984ರಲ್ಲಿ ಲೋಕಕ್ಕೆ ತೋರಿಸಿದ ಫ್ಲ್ಯಾಶ್ ಮೆಮೊರಿಯದೂ ಇದೇ ಪಾಡು. ಅದರ ಕೋಶಗಳು ಆಕ್ಸೈಡಿನ ತೆಳು ಪೊರೆಯ ಹಿಂದೆ ಎಲೆಕ್ಟ್ರಾನುಗಳನ್ನು ಕೂಡಿಹಾಕುತ್ತವೆ. ಬರೆಯುವಾಗ ಒಳಗೆ ನುಗ್ಗಿಸಬೇಕು, ಅಳಿಸುವಾಗ ಹೊರಗೆಳೆಯಬೇಕು. ಈ ಓಡಾಟಕ್ಕೆ ಪೊರೆ ಹಾಳಾಗುತ್ತದೆ. ಕೋಶಕ್ಕೊಂದೇ ಬಿಟ್ ಇಡುವ ಹಳೆಯ ಜಾತಿ ಸುಮಾರು 1,00,000 ಸಲ ತಡೆದೀತು. ಮೂರು ಬಿಟ್ ತುರುಕುವ ಅಗ್ಗದ ಕಾರ್ಡು ಸಾವಿರದ ಲೆಕ್ಕಕ್ಕೇ ಸುಸ್ತು. ಮೇಲಾಗಿ ಒಂದು ಸಾಲು ಅಳಿಸಬೇಕೆಂದರೂ ಇಡೀ ಬ್ಲಾಕನ್ನೇ ಅಳಿಸಬೇಕು.

ಇಂಥದರ ಮೇಲೆ ಕೂತಿರುವುದು 1977ರಲ್ಲಿ ಫ್ಲಾಪಿಗೆಂದು ಹುಟ್ಟಿದ ಫ್ಯಾಟ್ ಎಂಬ ವ್ಯವಸ್ಥೆಯ ಸಂತತಿ. ಯಾವ ಫೈಲು ಎಲ್ಲಿದೆ ಎಂಬ ಪಟ್ಟಿಗೆ ಅದರಲ್ಲಿ ಆರಂಭದಲ್ಲೇ ಕಾಯಂ ಜಾಗ. ಮುತ್ತಜ್ಜನ ಮೊದಲ ಮಡಿಕೆ! ಸವೆತ ಒಂದೇ ಕಡೆ ಬೀಳದಿರಲೆಂದು ಕಾರ್ಡಿನೊಳಗಿನ ಕಂಟ್ರೋಲರು ಗುಟ್ಟಾಗಿ ಜಾಗ ಬದಲಿಸುತ್ತಿರುತ್ತದೆ. 2012ರಲ್ಲಿ ಸ್ಯಾಮ್ಸಂಗ್ ತಂದ ಎಫ್‌ಟುಎಫ್‌ಎಸ್ ಎಂಬ ವ್ಯವಸ್ಥೆ ಹಳೆಯದನ್ನು ಅಲ್ಲೇ ತಿದ್ದುವ ಬದಲು ಹೊಸ ಜಾಗದಲ್ಲಿ ಬರೆಯುತ್ತ ಹೋಗುತ್ತದೆ. ಇನ್ನು ಕೆಲವು ವ್ಯವಸ್ಥೆಗಳು ಫೈಲನ್ನು ಸುಮ್ಮನೆ ಓದಿದರೂ, ಓದಿದ ಹೊತ್ತನ್ನು ಬರೆದಿಡುತ್ತವೆ. ಶಾನುಭೋಗರ ಬುದ್ಧಿ.

ಬಸ್ಸಿನ ದಾರಿಗೆ ಹತ್ತಿರದಲ್ಲೇ ತಾಳಗುಂದ. ಕದಂಬರ ಶಾಂತಿವರ್ಮನ ಅಪ್ಪಣೆಯಂತೆ ಕುಬ್ಜನೆಂಬ ಕವಿ ತನ್ನ ಕಾವ್ಯವನ್ನು ಅಲ್ಲಿನ ಕಲ್ಲುಕಂಬದ ಮೇಲೆ ತಾನೇ ಬರೆದ. ಸುಮಾರು 1500 ವರ್ಷವಾದರೂ ಅಕ್ಷರ ನಿಂತಿವೆ. ನಿಲ್ಲದೆ ಏನು ಮಾಡಿಯಾವು? ಒಮ್ಮೆ ಬರೆದದ್ದನ್ನು ಯಾರೂ ಒರೆಸಲಿಲ್ಲ. ರಾಜವಂಶದ ಹೊಗಳಿಕೆಗೆ ಕಲ್ಲು ಸರಿಯೇ; ಸಂಜೆಯಾದರೆ ಬದಲಾಗುವ ಆಳಿನ ಬಾಕಿಗೆ ಏನು ಮಾಡುವುದು? ನನ್ನ ಒಲವು ಕಡತದ ಕಡೆಗೇ.

ಕಡತಕ್ಕಾದರೆ ಮದ್ದೂ ಇತ್ತು. ಕಪ್ಪು ಸವೆಯುತ್ತ ಬಂದಾಗ ಮುತ್ತಜ್ಜಿ ಹುಣಸೆಬೀಜ ಹುರಿದು, ಬೀಸಿ, ಸರಿ ಕಾಯಿಸಿ ಮತ್ತೆ ಬಳಿಯುತ್ತಿದ್ದಳಂತೆ. ಅವಳು ಹೋದ ಮೇಲೆ ಮುತ್ತಜ್ಜ ಬರೆದ, ಒರೆಸಿದ, ಬಳಿಯಲು ಬರಲಿಲ್ಲ. ಫ್ಲ್ಯಾಶಿಗೂ ಅಂಥ ಮದ್ದುಂಟೆಂದು 2012ರಲ್ಲಿ ತೈವಾನಿನ ಮ್ಯಾಕ್ರಾನಿಕ್ಸ್ ಕಂಪನಿ ತೋರಿಸಿತು. ಕೋಶದ ಮಗ್ಗುಲಲ್ಲೇ ಕ್ಷಣಮಾತ್ರ 800 ಡಿಗ್ರಿ ಸೆಲ್ಸಿಯಸ್ ಕಾವು ಕೊಟ್ಟರೆ ಪೊರೆ ಸುಧಾರಿಸಿಕೊಂಡು ಹತ್ತು ಕೋಟಿ ಸಲಕ್ಕೂ ತಡೆಯಿತಂತೆ. ಮುತ್ತಜ್ಜಿಗೆ ಅಷ್ಟೆಲ್ಲ ಕಾವು ಬೇಕಿರಲಿಲ್ಲ. ಸೌದೆ ಒಲೆ, ನಾಲ್ಕು ಹಿಡಿ ಹುಣಸೆಬೀಜ, ನಡುವೆ ಮುತ್ತಜ್ಜನಿಗೆ ಒಂದಿಷ್ಟು ಬೈಗುಳ.