ಬೆಳ್ಳಿತೆರೆಯ ವಂಚನೆ, ನಮ್ಮ ಮನೆಯ ಮೌನ

ಮಠದ ಅಂಗಳದಲ್ಲಿ ಬೆಳೆದ ನನ್ನಂಥವನು ಚಲನಚಿತ್ರಗಳ ಕುರಿತು ಬರೆಯಲು ಕುಳಿತದ್ದನ್ನು ಕಂಡು ಈ ಪತ್ರಿಕೆಯ ಹಿರಿಯ ಓದುಗರಲ್ಲಿ ಕೆಲವರಿಗೆ ಅಚ್ಚರಿಯಾಗಬಹುದು. ನಾವು ಪ್ರಸಾದ ನಿಲಯದಲ್ಲಿದ್ದು ಸಂಸ್ಕೃತ ಪಾಠಶಾಲೆಯಲ್ಲಿ ಓದುತ್ತಿದ್ದ ಕಾಲದಲ್ಲಿ ಸಿನಿಮಾ ಎಂಬ ಶಬ್ದವನ್ನು ಗಟ್ಟಿಯಾಗಿ ಉಚ್ಚರಿಸುವುದೂ ತಪ್ಪೆನಿಸುತ್ತಿತ್ತು. ಆದರೂ ಒಂದು ರಾತ್ರಿ, ಜಾತ್ರೆಯ ಗದ್ದಲದ ನೆಪದಲ್ಲಿ, ನಾನು ಮತ್ತು ನನ್ನ ಸಹಪಾಠಿಗಳಿಬ್ಬರು ಟೆಂಟಿನೊಳಗೆ ನುಸುಳಿ ನೆಲದ ಮೇಲೆ ಕುಳಿತು ಪುಟ್ಟಣ್ಣ ಕಣಗಾಲರ 'ಶರಪಂಜರ'ವನ್ನು ನೋಡಿದೆವು. ಆ ಚಿತ್ರ ತೆರೆಕಂಡದ್ದು ಎಪ್ಪತ್ತರ ದಶಕದ ಆರಂಭದಲ್ಲಿ. ನಮ್ಮ ಭಾಗದ ಜಾತ್ರೆಯ ಟೆಂಟಿಗೆ ಬರುವ ಹೊತ್ತಿಗೆ ಕೆಲವು ವರ್ಷಗಳೇ ಕಳೆದಿದ್ದವು.

ಮರುದಿನ ಮುಂಜಾನೆ ಪೂಜ್ಯರಿಗೆ ಸುದ್ದಿ ಮುಟ್ಟಿತು. ಬೆತ್ತದ ಏಟು ಖಂಡಿತವೆಂದುಕೊಂಡು ಕೈ ಮುಂದೆ ಚಾಚಿ ನಿಂತೆ. ಅವರು ಹೊಡೆಯಲಿಲ್ಲ. "ಏನು ನೋಡಿ ಬಂದಿ, ಹೇಳು" ಎಂದರು. ಹೆರಿಗೆಯ ನಂತರ ಬುದ್ಧಿಭ್ರಮಣೆಗೆ ಒಳಗಾದ ಕಾವೇರಿ ಎಂಬ ಗೃಹಿಣಿ ಚಿಕಿತ್ಸೆ ಪಡೆದು ಗುಣವಾಗಿ ಮನೆಗೆ ಮರಳುವುದನ್ನೂ, ಮನೆಯವರೂ ನೆರೆಯವರೂ ಆಕೆಯ ಪ್ರತಿಯೊಂದು ಮಾತನ್ನೂ ಹುಚ್ಚಿನ ಮಾತೆಂದೇ ಬಗೆಯುವುದನ್ನೂ, ಗಂಡನೇ ಪರಸ್ತ್ರೀಯ ಸಂಗದಲ್ಲಿರುವುದು ಆಕೆಗೆ ತಿಳಿಯುವುದನ್ನೂ, ಕೊನೆಗೆ ಆಕೆ ಮತ್ತೆ ಆಸ್ಪತ್ರೆಯನ್ನೇ ಸೇರುವುದನ್ನೂ ತೊದಲುತ್ತ ಹೇಳಿದೆ. ಪೂಜ್ಯರು ಕ್ಷಣಕಾಲ ಸುಮ್ಮನಿದ್ದು ಕೇಳಿದರು: "ಆಕಿ ಖರೆ ಹೇಳಿದ್ದಳೇನು?"

"ಹೌದ್ರಿ ಅಪ್ಪಾವ್ರ."

"ಮತ್ತ ಯಾರೂ ಯಾಕ ನಂಬಲಿಲ್ಲ?"

ನನ್ನಲ್ಲಿ ಉತ್ತರವಿರಲಿಲ್ಲ. "ಗೊತ್ತಾದಾಗ ಬಂದು ಹೇಳು" ಎಂದು ಕಳುಹಿಸಿದರು. ಅವರು ಲಿಂಗೈಕ್ಯರಾಗಿ ಬಹಳ ವರ್ಷಗಳಾದವು. ಉತ್ತರ ನನಗೆ ಸಿಕ್ಕಿದ್ದು ಈಚೆಗೆ, ಅರವತ್ತು ದಾಟಿದ ಮೇಲೆ. ಅದನ್ನು ನಿವೇದಿಸುವುದೇ ಈ ಲೇಖನದ ಉದ್ದೇಶ.

ನಾನೀಗ ನೆಲೆಸಿರುವುದು ಶಕ್ತಿನಗರದಲ್ಲಿ. ಕೃಷ್ಣೆಯ ದಂಡೆಯಲ್ಲಿ, ಸೂಗೂರೇಶ್ವರನ ಸನ್ನಿಧಾನವಾದ ದೇವಸೂಗೂರಿಗೆ ತಾಗಿಕೊಂಡೇ ಬೆಳೆದ ಊರಿದು. 1985ರಲ್ಲಿ ಇಲ್ಲಿಯ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲನೆಯ ಘಟಕ ಆರಂಭವಾಯಿತು. ಎಂಟೂ ಘಟಕಗಳು ಸೇರಿದ ಮೇಲೆ ಅದರ ಸಾಮರ್ಥ್ಯ 1720 ಮೆಗಾವಾಟ್ ಆಯಿತು. ನಾಡಿನ ಎಷ್ಟೋ ಮನೆಗಳ ದೀಪಕ್ಕೆ ಬೆಳಕು ಹೋದದ್ದು ಈ ಊರಿನಿಂದ. ಶಾಲೆಯಲ್ಲಿ ಕನ್ನಡ, ಸಂಸ್ಕೃತಗಳನ್ನು ಬೋಧಿಸಿ ನಿವೃತ್ತನಾದ ಬಳಿಕ ಸಂಜೆಯ ಲಿಂಗಪೂಜೆ ಮುಗಿಸಿ ಮೊಮ್ಮಗಳೊಂದಿಗೆ ಕೂಡುವುದು ನನ್ನ ರೂಢಿ. ರಾಯಚೂರಿನ ಕಾಲೇಜಿನಲ್ಲಿ ಓದುವ ಅವಳು ಕಳೆದ ಬೇಸಿಗೆಯ ರಜೆಯಲ್ಲಿ, "ತಾತ, ನೀವು ಬರೇ ಹಳೇದನ್ನ ಓದ್ತೀರಿ, ಒಂದಿಷ್ಟು ಹೊಸಾದು ನೋಡ್ರಿ" ಎಂದು ಟಿ.ವಿ.ಯ ಮುಂದೆ ಕೂರಿಸಿದಳು. ಹೀಗೆ ಒಂದು ತಿಂಗಳಲ್ಲಿ ವಂಚನೆ ಹಾಗೂ ದೌರ್ಜನ್ಯಗಳನ್ನೇ ವಸ್ತುವಾಗುಳ್ಳ ಹಲವು ಚಿತ್ರಗಳನ್ನು ನೋಡಿದೆ. ಅವುಗಳಲ್ಲಿ ಮನಸ್ಸಿನಲ್ಲಿ ಉಳಿದ ಕೆಲವನ್ನು ಕುಟುಂಬದ ಓದುಗರೆದುರು ಇಡುತ್ತೇನೆ.

ಪೃಥ್ವಿ ಕೊಣನೂರರ 'ಪಿಂಕಿ ಎಲ್ಲಿ?' (2020) ಚಿತ್ರದಲ್ಲಿ ಕೆಲಸಕ್ಕೆ ಹೋಗುವ ತಾಯಿಯೊಬ್ಬಳ ಹಸುಗೂಸು ಕಾಣೆಯಾಗುತ್ತದೆ. ಮಗುವನ್ನು ನೋಡಿಕೊಳ್ಳಬೇಕಾದ ಮನೆಗೆಲಸದವಳೇ ಅದನ್ನು ಹಗಲು ಹೊತ್ತು ಭಿಕ್ಷೆಯ ಹೆಂಗಸಿಗೆ ಬಾಡಿಗೆಗೆ ಕೊಡುತ್ತಿದ್ದಳು! ಕೇಳಿದೊಡನೆ ಎದೆ ನಡುಗುವ ಸಂಗತಿ. ಆದರೆ ನಿರ್ದೇಶಕರು ಯಾರನ್ನೂ ರಾಕ್ಷಸರನ್ನಾಗಿ ಚಿತ್ರಿಸಿಲ್ಲ. ಗಂಡ ಹೆಂಡಿರ ನಡುವಣ ಬಿರುಕು, ಕೊಳೆಗೇರಿಯ ಹಸಿವು, ಒಬ್ಬರ ಸುಳ್ಳು ಇನ್ನೊಬ್ಬರ ಸುಳ್ಳಿಗೆ ಆಸರೆಯಾಗುವ ಬಗೆ, ಇವೆಲ್ಲವನ್ನೂ ನಿರುದ್ವಿಗ್ನವಾಗಿ ತೋರಿಸುತ್ತಾರೆ. ದೇವದುರ್ಗ, ಮಾನ್ವಿಗಳಿಂದ ಬೆಂಗಳೂರಿಗೆ ದುಡಿಯಲು ಹೋಗುವ ನಮ್ಮ ಜನ ಎಂಥ ಶೆಡ್ಡುಗಳಲ್ಲಿ ಬಾಳುತ್ತಾರೆಂಬುದನ್ನು ಬಲ್ಲ ನನಗೆ ಆ ಕೊಳೆಗೇರಿಯ ದೃಶ್ಯಗಳು ಪರಕೀಯವೆನಿಸಲಿಲ್ಲ.

ಅದೇ ನಿರ್ದೇಶಕರ 'ಹದಿನೇಳೆಂಟು' (2022) ಕಾಲೇಜಿನ ಇಬ್ಬರು ಹದಿಹರೆಯದವರ ಖಾಸಗಿ ವಿಡಿಯೋ ಬಯಲಾದ ಮೇಲೆ ನಡೆಯುವ ವಿಚಾರಣೆಯ ಕಥೆ. ತಪ್ಪು ಇಬ್ಬರದೂ ಒಂದೇ ಆದರೂ ತೂಗುವ ತಕ್ಕಡಿ ಒಂದೇ ಇರುವುದಿಲ್ಲವೆಂಬುದನ್ನು ಅದು ಮನಗಾಣಿಸುತ್ತದೆ. ಹೇಮಂತ್ ರಾವ್ ಅವರ 'ಸಪ್ತ ಸಾಗರದಾಚೆ ಎಲ್ಲೋ' (2023) ಎರಡು ಭಾಗಗಳ ಚಿತ್ರ. ಪ್ರೀತಿಸಿದವಳೊಡನೆ ಒಂದು ಮನೆ ಕಟ್ಟಿಕೊಳ್ಳುವ ಆಸೆಯಿಂದ ಕಾರು ಚಾಲಕನೊಬ್ಬ ಒಡೆಯನ ಮಗ ಮಾಡಿದ ಅಪಘಾತದ ಅಪರಾಧವನ್ನು ತಾನು ಹೊತ್ತು ಸೆರೆಮನೆಗೆ ಹೋಗುತ್ತಾನೆ. ಬಿಡಿಸುತ್ತೇವೆಂದು ಮಾತು ಕೊಟ್ಟವರು ಕೈಬಿಡುತ್ತಾರೆ. ಆಮಿಷಕ್ಕೆ ಒಳಗಾದವನ ತಪ್ಪನ್ನೂ ಚಿತ್ರ ಮುಚ್ಚಿಡುವುದಿಲ್ಲ. ಅವನನ್ನು ಬಳಸಿ ಬಿಸುಟವರ ಕ್ರೌರ್ಯವನ್ನೂ ಮರೆಯಗೊಡುವುದಿಲ್ಲ.

ಎಲ್ಲ ಚಿತ್ರಗಳೂ ಹೀಗಿರುತ್ತವೆಂದು ನಾನು ಹೇಳಲಾರೆ. ಕೆಲವು ರೋಮಾಂಚಕ ಚಿತ್ರಗಳಲ್ಲಿ ಹೆಣ್ಣಿನ ಮೇಲಿನ ಅತ್ಯಾಚಾರವೆಂಬುದು ನಾಯಕನ ಸೇಡಿಗೆ ಒದಗಿಸಿದ ನೆಪ ಮಾತ್ರ. ಮೊದಲ ಹತ್ತು ನಿಮಿಷಗಳಲ್ಲಿ ಅವಳು ಸಾಯುತ್ತಾಳೆ. ಉಳಿದ ಎರಡು ಗಂಟೆ ರಕ್ತದ ಕೋಡಿ. ಒಳ್ಳೆಯದನ್ನು ಆರಿಸಿಕೊಳ್ಳಲು ನಾನು ಒಂದು ಸರಳವಾದ ಒರೆಗಲ್ಲನ್ನು ಇಟ್ಟುಕೊಂಡಿದ್ದೇನೆ. ಚಿತ್ರ ಮುಗಿದು ದೀಪ ಆರಿಸಿ ಮಲಗಿದಾಗ ಕಣ್ಣ ಮುಂದೆ ಬರುವ ಮುಖ ಯಾರದು? ಕೊಂದವನದೋ, ನೊಂದವಳದೋ? ನೊಂದವಳ ಮುಖ ಬಂದರೆ ಆ ಚಿತ್ರ ನೋಡತಕ್ಕದ್ದು. ಮಕ್ಕಳಿರುವ ಮನೆಯವರು ಪ್ರಮಾಣಪತ್ರವನ್ನೂ ಗಮನಿಸಬೇಕು. 2024ರ ನಿಯಮಗಳ ಪ್ರಕಾರ ಯು/ಎ ವರ್ಗವನ್ನು 7+, 13+, 16+ ಎಂದು ವಯಸ್ಸಿಗನುಸಾರವಾಗಿ ವಿಂಗಡಿಸಲಾಗಿದೆ.

ಕೊನೆಯದಾಗಿ ಮೊಮ್ಮಗಳು ತೋರಿಸಿದ್ದು ಒಂದು ಹಳೆಯ ಇಂಗ್ಲಿಷ್ ಚಿತ್ರ, 'ಗ್ಯಾಸ್‌ಲೈಟ್'. 1938ರ ಪ್ಯಾಟ್ರಿಕ್ ಹ್ಯಾಮಿಲ್ಟನ್ ಅವರ ನಾಟಕವನ್ನು ಆಧರಿಸಿ 1944ರಲ್ಲಿ ಬಂದದ್ದು. ಸಂಭಾಷಣೆಯನ್ನು ಅವಳೇ ಬಿಡಿಸಿ ಹೇಳುತ್ತಿದ್ದಳು. ಗಂಡನೊಬ್ಬ ಮನೆಯ ಅಟ್ಟದಲ್ಲಿ ಅಡಗಿರುವ ಒಡವೆಗಳಿಗಾಗಿ ಪ್ರತಿರಾತ್ರಿ ಗುಟ್ಟಾಗಿ ಹುಡುಕುತ್ತಾನೆ. ಅನಿಲದ ದೀಪಗಳ ಕಾಲ ಅದು. ಮೇಲೆ ಅವನು ದೀಪ ಹೊತ್ತಿಸಿದರೆ ಕೊಳವೆಯ ಅನಿಲ ಹಂಚಿಹೋಗಿ ಕೆಳಗೆ ಹೆಂಡತಿಯ ಕೋಣೆಯ ದೀಪ ಮಂಕಾಗುತ್ತದೆ. ಆಕೆ ಅದನ್ನು ಹೇಳಿದರೆ, "ನಿನಗೆ ಹಾಗೆ ತೋರುತ್ತದೆ" ಎನ್ನುತ್ತಾನೆ. ತಾನೇ ವಸ್ತುಗಳನ್ನು ಬಚ್ಚಿಟ್ಟು, ನೀನೇ ಮರೆತೆ, ನೀನೇ ಕದ್ದೆ ಎನ್ನುತ್ತಾನೆ. ಕೊನೆಗೆ ಆಕೆ ತನ್ನ ಕಣ್ಣನ್ನೇ ನಂಬದಾಗುತ್ತಾಳೆ. ಒಬ್ಬರ ಬುದ್ಧಿಯ ಮೇಲೆ ಅವರಿಗೇ ಅವಿಶ್ವಾಸ ಹುಟ್ಟಿಸುವ ಈ ಕ್ರೌರ್ಯಕ್ಕೆ ಇಂಗ್ಲಿಷಿನಲ್ಲಿ ಆ ಚಿತ್ರದ ಹೆಸರೇ ನಿಂತಿದೆಯಂತೆ. ಆಕೆಯನ್ನು ಉಳಿಸಿದ್ದು ಪಿಸ್ತೂಲಲ್ಲ. ಹೊರಗಿನಿಂದ ಬಂದ ಪತ್ತೇದಾರನೊಬ್ಬ ಆ ಕೋಣೆಯಲ್ಲಿ ನಿಂತು, ದೀಪ ಮಂಕಾದದ್ದನ್ನು ತಾನೂ ಕಂಡೆನೆಂದು ಹೇಳಿದ್ದು. ಅಷ್ಟೇ ಸಾಕಾಯಿತು.

"ತಾತ, ಇಂಥದ್ದು ನಮ್ಮ ಮಂದಿಯೊಳಗೂ ಆಗ್ತದೇನು?" ಎಂದು ಮೊಮ್ಮಗಳು ಕೇಳಿದಳು. ನಾನು ಮಾತಾಡಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಧರ್ಮಪತ್ನಿ ಒಂದು ಹೆಸರು ಹೇಳಿದಳು. ಅಷ್ಟನ್ನೇ ಹೇಳಿ ಒಳಗೆ ಹೋದಳು.

ಸದ್ಭಕ್ತರೇ, ಆ ಹೆಸರನ್ನು ಇಲ್ಲಿ ಬರೆಯಲಾರೆ. ಸಂಗತಿಯನ್ನು ಮಾತ್ರ ಬರೆಯುತ್ತೇನೆ. ಮೂವತ್ತು ವರ್ಷಗಳ ಹಿಂದಿನ ಮಾತು. ನನ್ನ ದೊಡ್ಡಪ್ಪನ ಮೊಮ್ಮಗಳು, ಮಾನ್ವಿ ತಾಲ್ಲೂಕಿನ ಒಂದು ಹಳ್ಳಿಗೆ ಕೊಟ್ಟ ಹುಡುಗಿ, ಒಂದು ಮುಸ್ಸಂಜೆ ಒಬ್ಬಳೇ ನಮ್ಮ ಮನೆಗೆ ಬಂದಳು. ತೋಳಿನಲ್ಲಿ ಬಾಸುಂಡೆಗಳಿದ್ದವು. ಅವುಗಳ ಬಗ್ಗೆ ಆಕೆ ಹೆಚ್ಚು ಹೇಳಲಿಲ್ಲ. "ಕಾಕಾ, ಬಂಗಾರ ನಾನು ಕಳದಿಲ್ಲ. ಅವರ ಮಾರ್ಯಾರ. ಊರಾಗ ನನ್ನ ತಲಿ ಸರಿ ಇಲ್ಲಂತ ಹೇಳ್ಕೋತ ತಿರುಗ್ಯಾಡ್ತಾರ. ಈಗೀಗ ನನಗ ನಾನ ಎಲ್ಲ್ಯಾದ್ರೂ ಇಟ್ಟು ಮರತೀನೇನೋ ಅನ್ನಂಗ ಆಗ್ಯಾದ" ಎಂದಳು.

ನಾನು ಏನು ಮಾಡಿದೆ? ಶಾಸ್ತ್ರ ಬಲ್ಲವನು, ಸಮಾಜದಲ್ಲಿ ನಾಲ್ಕು ಜನ ಮಾತು ಕೇಳುವವನು, ಗೃಹಸ್ಥ ಧರ್ಮದ ಮೇಲೆ ಅರ್ಧ ತಾಸು ಉಪದೇಶ ಮಾಡಿದೆ. ಹೊಂದಿಕೊಂಡು ಹೋಗಬೇಕೆಂದೆ. "ನಾಕು ದಿನ ಇಲ್ಲೇ ಇರಲಿ" ಎಂದು ನನ್ನ ಪತ್ನಿ ಹೇಳಿದ್ದನ್ನು, ಜನ ಏನಂದಾರೆಂಬ ಅಂಜಿಕೆಯಿಂದ ತಳ್ಳಿಹಾಕಿದೆ. ಮರುದಿನ ಉಡಿ ತುಂಬಿಸಿ, ರಾಯಚೂರಿಗೆ ಬಂದು, ಅಲ್ಲಿಂದ ಮಾನ್ವಿಯ ಬಸ್ಸು ಹಿಡಿದು, ನಾನೇ ಖುದ್ದಾಗಿ ಆಕೆಯನ್ನು ಗಂಡನ ಮನೆಗೆ ಮುಟ್ಟಿಸಿದೆ. ಆತ ಹೊಸ್ತಿಲಲ್ಲಿ ಕೈಮುಗಿದು ನಿಂತಿದ್ದ. ಚಹಾ ಕೊಟ್ಟ, "ನಿಮ್ಮಂಥ ದೊಡ್ಡವರು ಬಂದದ್ದು ಭಾಳ ಆತು" ಎಂದ. ಒಡೆದ ಮನೆಯನ್ನು ಕೂಡಿಸಿದೆನೆಂಬ ಹೆಮ್ಮೆಯಿಂದ ಊರಿಗೆ ಮರಳಿದೆ. ಆಕೆ ಆ ಮನೆಯಲ್ಲಿ ಮತ್ತೂ ಆರು ವರ್ಷ ಇದ್ದಳು. ಆಮೇಲೆ ಎರಡು ಮಕ್ಕಳನ್ನು ಕಟ್ಟಿಕೊಂಡು ಹೊರಬಂದು, ರಾಯಚೂರಿನಲ್ಲಿ ಹೊಲಿಗೆ ಯಂತ್ರ ತುಳಿದು ಅವರನ್ನು ಓದಿಸಿದಳು. ಅದರಲ್ಲಿ ನನ್ನ ಪಾಲು ಕಿಂಚಿತ್ತೂ ಇಲ್ಲ.

ಚಿತ್ರ ನೋಡಿದ ವಾರದಲ್ಲಿ ಆಕೆಯ ಮನೆಗೆ ಹೋದೆ. ಈಗ ಆಕೆಗೂ ತಲೆ ನರೆತಿದೆ. ಹೊಲಿಯುತ್ತಿದ್ದ ಅರಿವೆಯನ್ನು ಬದಿಗಿಟ್ಟು ನನ್ನ ಮಾತನ್ನು ಕೊನೆಯವರೆಗೂ ಕೇಳಿದಳು. ಬಳಿಕ ಹೇಳಿದಳು: "ಕಾಕಾ, ನೀವು ಬೈದು ಹೊರಗ ಹಾಕಿದ್ರ ನಾನು ಮರತುಬಿಡ್ತಿದ್ದೆ. ನೀವು ಪ್ರೀತಿಲೆ ಕರಕೊಂಡು ಹೋಗಿ ಬಿಟ್ಟುಬಂದ್ರಿ. ಕಾಕಾನ ನಂಬಲಿಲ್ಲ, ಇನ್ಯಾರು ನಂಬ್ಯಾರು ಅಂತ ಆರು ವರ್ಷ ಯಾರ ಮುಂದೂ ಬಾಯಿ ಬಿಡಲಿಲ್ಲ." ಕ್ಷಮಿಸಿದೆನೆಂದು ಆಕೆ ಹೇಳಲಿಲ್ಲ, ಹಾಗೆ ಹೇಳೆಂದು ನಾನೂ ಕೇಳಲಿಲ್ಲ. ಇದನ್ನು ಬರೆಯಲೇ ಎಂದು ಕೇಳಿದ್ದಕ್ಕೆ, "ಬರೀರಿ. ನನ್ನ ಹೆಸರು ಬ್ಯಾಡ. ನಿಮ್ಮದು ಇರಲಿ" ಎಂದಳು.

ಪೂಜ್ಯರು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಂದು ಆ ಮನೆಯ ಮೆಟ್ಟಿಲಿಳಿಯುವಾಗ. ಸತ್ಯ ಹೇಳಿದವಳನ್ನು ಯಾರೂ ಯಾಕೆ ನಂಬಲಿಲ್ಲ? ನಂಬಿದ್ದರೆ ನಾವು ಏನಾದರೂ ಮಾಡಬೇಕಾಗುತ್ತಿತ್ತು. ಬೀಗರೊಡನೆ ನಿಷ್ಠುರ, ಊರಲ್ಲಿ ಗುಸುಗುಸು, ಠಾಣೆ, ನ್ಯಾಯಾಲಯ, ಮನೆಯಲ್ಲಿ ಉಣ್ಣುವ ಇನ್ನೊಂದು ಬಾಯಿ. ಅದೆಲ್ಲಕ್ಕಿಂತ ನಂಬದಿರುವುದು ಸುಲಭ. ವಂಚಕನ ಜಾಣತನ ಗೆಲ್ಲುವುದು ಸುತ್ತಲಿನ ಸಂಭಾವಿತರ ಈ ಅನುಕೂಲದಿಂದ. 'ಶರಪಂಜರ'ದಲ್ಲಿ ಆ ಬಾಣಗಳನ್ನು ಗಂಡನೊಬ್ಬನೇ ಎಸೆಯಲಿಲ್ಲ; ನನ್ನಂಥ ಒಳ್ಳೆಯವರೂ ಎಸೆದರು.

ಗಿರೀಶ ಕಾಸರವಳ್ಳಿಯವರ 'ಹಸೀನಾ' (2004) ಚಿತ್ರವೂ ಇದನ್ನೇ ಹೇಳುತ್ತದೆ. ಅದು ಬಾನು ಮುಷ್ತಾಕ್ ಅವರ ಕಥೆಯನ್ನು ಆಧರಿಸಿದ್ದು. ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಿತು. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಕೈಬಿಟ್ಟ ಹೆಂಗಸೊಬ್ಬಳು ಧರ್ಮದ ಹಿರಿಯರ ಮುಂದೆ ನ್ಯಾಯ ಬೇಡುತ್ತಾಳೆ. ಹಿರಿಯರಿಗೆ ಕೇಳಲು ಪುರುಸೊತ್ತಿಲ್ಲ. ಅದು ಬೇರೆ ಧರ್ಮದವರ ಕಥೆಯೆಂದು ನಾವು ನಿಟ್ಟುಸಿರು ಬಿಡುವಂತಿಲ್ಲ. ಆ ಹಿರಿಯರ ಪೀಠದಲ್ಲಿ ನಾನೂ ಕುಳಿತಿದ್ದೆ.

ನಾವು ಅಕ್ಕಮಹಾದೇವಿಯನ್ನು ನಿತ್ಯ ಸ್ಮರಿಸುವವರು. ಹರಿಹರನ ರಗಳೆಯಲ್ಲಿ ಕೌಶಿಕ ಕೊಟ್ಟ ಮಾತಿಗೆ ತಪ್ಪಿದಾಗ ಆಕೆ ಅರಮನೆಯನ್ನೇ ತೊರೆದು ನಡೆಯುತ್ತಾಳೆ. ಆ ಪ್ರಸಂಗವನ್ನು ನಾನು ಪುರಾಣದ ವೇದಿಕೆಯ ಮೇಲೆ ಎಷ್ಟು ಬಾರಿ ಕಣ್ಣೀರು ತುಂಬಿ ವಿವರಿಸಿದ್ದೇನೋ ಲೆಕ್ಕವಿಲ್ಲ. ಅಂಥವನೇ ಅರಮನೆಯಲ್ಲದ ಮನೆಯಿಂದ ನಡೆದು ಬಂದ ಹುಡುಗಿಯನ್ನು ಬಸ್ಸು ಹತ್ತಿಸಿ ಹಿಂದಕ್ಕೆ ಬಿಟ್ಟುಬಂದೆ.

ಆದಕಾರಣ ಹಿರಿಯರಲ್ಲಿ ನನ್ನ ವಿನಂತಿ ಇಷ್ಟು. ಮಗಳಾಗಲಿ, ಸೊಸೆಯಾಗಲಿ, ನೆರೆಯ ಹುಡುಗಿಯಾಗಲಿ ಬಂದು ಹೇಳಿದರೆ ಮೊದಲು ಪೂರ್ತಿ ಕೇಳಿ. ಉಪದೇಶ ಆಮೇಲಿರಲಿ. ಆ ರಾತ್ರಿ ಆಕೆಗೆ ಊಟ, ಹಾಸಿಗೆ ಕೊಡಿ. ಆಕೆ ಬಯಸದೆ ಹಿಂದಕ್ಕೆ ಕಳುಹಿಸಬೇಡಿ. 2005ರ ಕೌಟುಂಬಿಕ ಹಿಂಸಾಚಾರ ತಡೆ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಹೊಡೆತವಷ್ಟೇ ಅಲ್ಲ, ನಿಂದೆ, ಮಾನಸಿಕ ಹಿಂಸೆ, ಲೈಂಗಿಕ ದೌರ್ಜನ್ಯ, ಒಡವೆ ಮತ್ತು ಹಣ ಕಸಿಯುವುದು, ಇವೂ ಅದರಡಿ ಹಿಂಸೆಯೇ. ಗಂಡನ ಮನೆಯಲ್ಲಿ ವಾಸಿಸುವ ಹಕ್ಕನ್ನೂ ಅದು ರಕ್ಷಿಸುತ್ತದೆ. ಮಹಿಳೆಯರಿಗೆ 181, ಮಕ್ಕಳಿಗೆ 1098, ತುರ್ತಿಗೆ 112, ಈ ಸಂಖ್ಯೆಗಳನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದೂ ದೂರು ಕೊಡದಿರುವುದು 2012ರ ಪೋಕ್ಸೋ ಕಾಯ್ದೆಯಡಿ ಅಪರಾಧ. ಮನೆತನದ ಮಾನ, ಮಠದ ಮಾನ ಎಂಬ ನೆಪ ಅಲ್ಲಿ ಸಲ್ಲದು.

ಅಂದಿನಿಂದ ಚಿತ್ರ ಮುಗಿದ ಮೇಲೆ ಟಿ.ವಿ. ಆರಿಸಿ, ಮನೆಮಂದಿಯೆಲ್ಲ ಹತ್ತು ನಿಮಿಷ ಕೂತು ಮಾತಾಡುವುದು ನಮ್ಮಲ್ಲಿ ರೂಢಿಯಾಗಿದೆ. ಸೊಸೆಯೂ ಬಂದು ಕೂಡುತ್ತಾಳೆ. ಮೊದಮೊದಲು ಆಕೆ ಸುಮ್ಮನಿರುತ್ತಿದ್ದಳು. ಈಗ ನನ್ನ ಅಭಿಪ್ರಾಯ ತಪ್ಪೆಂದು ಹೇಳುವಷ್ಟು ಧೈರ್ಯ ಬಂದಿದೆ. ಇದು ನಮ್ಮ ಮನೆಗೆ ಚಿತ್ರಗಳಿಂದ ಆದ ಲಾಭ. ನಿಮ್ಮ ಮನೆಯಲ್ಲೂ ಯಾರಾದರೂ ದೀಪ ಮಂಕಾಯಿತೆಂದು ಹೇಳಿದರೆ, ಕಣ್ಣಿನ ದೋಷವೆನ್ನುವ ಮುನ್ನ ಎದ್ದು ಹೋಗಿ ಅವರ ಕೋಣೆಯಲ್ಲಿ ನಿಂತು ನೋಡಿರೆಂದು ಪ್ರಾರ್ಥಿಸುತ್ತೇನೆ.