ರೆಸಿಡೆನ್ಸಿಗೆ ಅರ್ಜಿ ಹಾಕುವ ನಮ್ಮ ಫಾರ್ಮಸಿ ಮಕ್ಕಳಿಗೆ



ಪ್ರತಿ ವರ್ಷ ನವೆಂಬರ್ ಬಂತು ಅಂದ್ರೆ ಒಂದೇ ಪ್ರಶ್ನೆ ಬೇರೆ ಬೇರೆ ಮಕ್ಕಳಿಂದ ಬರುತ್ತೆ. "ಅಣ್ಣಾ, ಅಮೆರಿಕದಲ್ಲಿ ಫಾರ್ಮಸಿ ರೆಸಿಡೆನ್ಸಿಗೆ ಅರ್ಜಿ ಹಾಕ್ತಿದೀನಿ, ಹೆಂಗೆ ಬರೀಲಿ?" ಒಬ್ಬೊಬ್ಬರಿಗೇ ಹೇಳೋ ಬದಲು ಎಲ್ಲರಿಗೂ ಇಲ್ಲೇ ಬರೀತಿದೀನಿ. ನಾನು ಇಲ್ಲಿನ ಒಂದು ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ಕೆಲವು ವರ್ಷಗಳಿಂದ ಇಂಥ ಅರ್ಜಿಗಳನ್ನ ಓದಿ ಅಂಕ ಹಾಕೋರ ಜೊತೆಗೂ ಕೂರ್ತೀನಿ.

ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದಲ್ಲಿ ಫಾರ್ಮ್‌ಡಿ ಮುಗಿಸಿ ಲೈಸೆನ್ಸ್ ಪರೀಕ್ಷೆ ಪಾಸಾದರೆ ಔಷಧ ಅಂಗಡೀಲಿ ಕೆಲಸ ಮಾಡಬಹುದು. ರೆಸಿಡೆನ್ಸಿ ಕಡ್ಡಾಯ ಅಲ್ಲ. ಆದರೆ ವಾರ್ಡಿನಲ್ಲಿ ಡಾಕ್ಟರ ಜೊತೆ ರೌಂಡ್ಸ್ ಹೋಗಿ "ಈ ರೋಗಿಯ ಕಿಡ್ನಿಗೆ ಈ ಡೋಸು ಜಾಸ್ತಿ" ಅಂತ ಹೇಳೋ ಕೆಲಸ ಬೇಕಂದ್ರೆ ಬಹುಪಾಲು ಕಡೆ ಪಿಜಿವೈ-1 ಅನ್ನೋ ಒಂದು ವರ್ಷದ ತರಬೇತಿ ಕೇಳ್ತಾರೆ. ಕ್ಯಾನ್ಸರ್, ಐಸಿಯು ಥರದ ವಿಭಾಗಗಳಿಗೆ ಇನ್ನೊಂದು ವರ್ಷ, ಪಿಜಿವೈ-2. ಅರ್ಜಿ ಹೋಗೋದು ಫೋರ್ಕಾಸ್ ಅನ್ನೋ ಆನ್‌ಲೈನ್ ವ್ಯವಸ್ಥೆಯ ಮೂಲಕ. ಡಿಸೆಂಬರಲ್ಲಿ ಎಎಸ್‌ಎಚ್‌ಪಿ ಸಂಸ್ಥೆಯ ಮಿಡ್‌ಇಯರ್ ಸಮ್ಮೇಳನ. ಜನವರಿ, ಫೆಬ್ರವರಿಯಲ್ಲಿ ಸಂದರ್ಶನ. ಮಾರ್ಚಲ್ಲಿ ಮ್ಯಾಚ್ ಫಲಿತಾಂಶ. ಅದರಲ್ಲಿ ಸೀಟು ಸಿಗದವರಿಗೆ ಎರಡನೇ ಸುತ್ತು ಇರುತ್ತೆ.

ಅಂಕಪಟ್ಟಿ, ಸಿವಿ, ಲೆಟರ್ ಆಫ್ ಇಂಟೆಂಟ್, ಮೂರು ಶಿಫಾರಸು ಪತ್ರ. ಅರ್ಜಿ ಅಂದ್ರೆ ಮುಖ್ಯವಾಗಿ ಇಷ್ಟೇ. ನೋಡೋಕೆ ಇದು ಪ್ರತಿಭೆಯ ಪರೀಕ್ಷೆ. ಆದರೆ ಓದೋರ ಕಡೆ ಕೂತಾಗ ನನಗೆ ಮೊದಲ ಪುಟದಲ್ಲೇ ಕಾಣೋದು, ಯಾರಿಗೆ ಮನೇಲಿ ಹೇಳಿಕೊಡೋರು ಇದ್ದರು, ಯಾರಿಗೆ ಇರಲಿಲ್ಲ ಅನ್ನೋದು. ಅಕ್ಕನೋ ಮಾವನೋ ಇದೇ ಕ್ಷೇತ್ರದಲ್ಲಿರೋ ಮಗು ಎರಡನೇ ವರ್ಷದಲ್ಲೇ ತಯಾರಿ ಶುರು ಮಾಡಿರುತ್ತೆ. ರೆಸಿಡೆನ್ಸಿ ಅನ್ನೋ ಪದವನ್ನೇ ನಮ್ಮ ಮಕ್ಕಳು ಕೊನೇ ವರ್ಷದಲ್ಲಿ ಕೇಳಿಸ್ಕೊಳ್ತಾರೆ. ಈ ಅಂತರ ಬುದ್ಧಿಯದ್ದಲ್ಲ, ಸುದ್ದಿಯದ್ದು. ಸುದ್ದಿ ಹಂಚಬಹುದು, ಅದಕ್ಕೇ ಈ ಪೋಸ್ಟ್.

ಮೊದಲನೇದು ಸಿವಿ. ನಮ್ಮ ಜನಕ್ಕೆ ದುಡಿಮೆಯನ್ನ ಅರ್ಹತೆ ಅಂತ ಲೆಕ್ಕ ಹಿಡಿದು ಅಭ್ಯಾಸ ಇಲ್ಲ. ಒಬ್ಬ ಹುಡುಗಿ ಫೀಸಿಗೋಸ್ಕರ ಮೂರು ವರ್ಷ ಔಷಧ ಅಂಗಡೀಲಿ ರಾತ್ರಿ ಪಾಳಿ ಮಾಡಿದ್ದಳು. ಸಿವಿಯಲ್ಲಿ ಅದು ಕೊನೇ ಸಾಲು: "ಟೆಕ್ನಿಶಿಯನ್, ಅರೆಕಾಲಿಕ." ಅಲ್ಲಿ ಏನು ಮಾಡ್ತಿದ್ದೆ ಅಂತ ಕೆದಕಿದೆ. ವಾರ್ಫರಿನ್ ತಗೊಳ್ತಿದ್ದ ಅಜ್ಜಿಗೆ ಯಾರೋ ಕೋಟ್ರೈಮಾಕ್ಸಜೋಲ್ ಬರೆದಿದ್ದರಂತೆ. ಎರಡೂ ಸೇರಿದರೆ ರಕ್ತಸ್ರಾವದ ಅಪಾಯ. ಇವಳು ಗಮನಿಸಿ ಫಾರ್ಮಸಿಸ್ಟಿಗೆ ತೋರಿಸಿ, ಅವರು ಡಾಕ್ಟರಿಗೆ ಫೋನ್ ಮಾಡಿ ಔಷಧ ಬದಲಾಯಿಸಿದ್ದಾರೆ. ಇದಕ್ಕಿಂತ ದೊಡ್ಡ ಅರ್ಹತೆ ಯಾವ್ದು ಬೇಕು? ಏನು ಮಾಡಿದೆ, ಎಷ್ಟು ಜನಕ್ಕೆ ಮಾಡಿದೆ, ಅದರಿಂದ ಏನು ಬದಲಾಯ್ತು, ಈ ಮೂರನ್ನೂ ಬರೀರಿ. ಇವತ್ತಿಂದಲೇ ಒಂದು ನೋಟ್‌ಬುಕ್ ಇಟ್ಟು, ರೋಗಿಯ ಹೆಸರು ಬರೀದೆ, ದಿನಾ ಎರಡು ಸಾಲು ಗುರುತು ಹಾಕ್ಕೊಳ್ಳಿ.

ಎರಡನೇದು ಶಿಫಾರಸು ಪತ್ರ. ದೊಡ್ಡ ಹುದ್ದೆಯ ಹೆಸರು ನೋಡಿ ಹೋಗಬೇಡಿ. ಡೀನ್ ಬರೆದ ನಾಲ್ಕು ಸಾಲಿನ "ಒಳ್ಳೆಯ, ಶಾಂತ ಸ್ವಭಾವದ ವಿದ್ಯಾರ್ಥಿ" ಅನ್ನೋ ಪತ್ರಕ್ಕೆ ನಾವು ಅಂಕ ಹಾಕೋದಾದ್ರೂ ಹೆಂಗೆ? ಆರು ವಾರ ರೊಟೇಶನ್ನಿನಲ್ಲಿ ನಿಮ್ಮನ್ನ ಕಣ್ಣಾರೆ ನೋಡಿದ ಪ್ರಿಸೆಪ್ಟರ್ ಒಂದು ನಿಜವಾದ ಪ್ರಸಂಗ ಬರೆದರೆ ಅದು ತೂಕ. "ನನ್ನ ಕೆಲಸ ನೋಡಿದೀರಿ, ಗಟ್ಟಿಯಾದ ಪತ್ರ ಬರೆಯೋಕಾಗುತ್ತಾ?" ಅಂತ ನೇರ ಕೇಳಿ. ಮೇಷ್ಟ್ರ ಮುಂದೆ ಬಾಯಿ ಬಿಡೋಕೆ ಹಿಂಜರಿಯೋದನ್ನ ನಮಗೆ ತಲೆಮಾರುಗಳಿಂದ ಕಲಿಸಿದ್ದಾರೆ. ಇಲ್ಲಿ ಆ ಹಿಂಜರಿಕೆಯನ್ನ ಆಸಕ್ತಿ ಇಲ್ಲ ಅಂತ ಓದ್ಕೊಳ್ತಾರೆ. ಕೇಳಿದವರಿಗೆ ನಿಮ್ಮ ಸಿವಿ, ನೀವು ನೋಡಿದ ಕೇಸುಗಳ ಪಟ್ಟಿ, ಕೊನೇ ದಿನಾಂಕ ಎಲ್ಲ ಕೊಡಿ.

ಮೂರನೇದು ಎಲ್ಲರೂ ಮೆಲ್ಲಗೆ ಕೇಳೋದು. "ಲೆಟರ್ ಆಫ್ ಇಂಟೆಂಟಲ್ಲಿ ಜಾತಿ ಬರೀಲಾ?" ಈ ಭಯ ಸುಮ್ಮನೆ ಬಂದದ್ದಲ್ಲ. 2023ರಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯ ನಿಷೇಧಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆ ಒಪ್ಪಿದ ಮಸೂದೆಗೆ ಅಲ್ಲಿನ ಗವರ್ನರ್ ಸಹಿ ಹಾಕಲಿಲ್ಲ. ಸರ್‌ನೇಮ್ ಕೇಳಿ ಮುಖ ನೋಡೋರು ಇಲ್ಲೂ ಇದಾರೆ.

ಕೆಜಿಎಫ್ ಕಡೆಯ ಒಬ್ಬ ಹುಡುಗ ಪತ್ರ ಕಳಿಸಿದ್ದ. ಅವನ ತಾತ ಗಣಿಯಲ್ಲಿ ದುಡಿದು ಶ್ವಾಸಕೋಶ ಕಳ್ಕೊಂಡವರು. 2001ರಲ್ಲಿ ಗಣಿ ಮುಚ್ಚಿತು, ಕೆಮ್ಮು ಉಳೀತು. ಒಂದು ಪುಟದ ಪತ್ರದಲ್ಲಿ ಮುಕ್ಕಾಲು ಪುಟ ಆ ನೋವೇ. ಓದಿದರೆ ಕಣ್ಣಲ್ಲಿ ನೀರು ಬರುತ್ತೆ, ಆದರೆ ಹುಡುಗ ಏನು ಮಾಡಬಲ್ಲ ಅಂತ ಗೊತ್ತಾಗಲ್ಲ. ಮಾತಾಡ್ತಾ ಮಾತಾಡ್ತಾ ಅವನೇ ಹೇಳಿದ, ತಾತನಿಗೆ ಇನ್‌ಹೇಲರ್ ಕೊಟ್ಟಿದ್ದರು, ಉಸಿರು ಪೂರ್ತಿ ಬಿಟ್ಟು, ನಿಧಾನ ಎಳೀತಾ ಒತ್ತಿ, ಹತ್ತು ಸೆಕೆಂಡ್ ಹಿಡೀಬೇಕು ಅಂತ ಯಾರೂ ಕಲಿಸಿರಲಿಲ್ಲ. ಈಗ ಇವನು ಕ್ಲಿನಿಕ್ಕಿನಲ್ಲಿ ಪ್ರತಿ ರೋಗಿಗೂ ಅದನ್ನ ಮಾಡಿ ತೋರಿಸಿ, ಅವರಿಂದ ಮಾಡಿಸಿ ನೋಡ್ತಾನಂತೆ. ಪತ್ರ ಅಂದ್ರೆ ಇದೇ ಕಣಪ್ಪಾ ಅಂದೆ. ತಾತನಿಗೆ ಎರಡು ಸಾಲು, ನಿನ್ನ ಕೆಲಸಕ್ಕೆ ಎರಡು ಪ್ಯಾರಾ, ಈ ಆಸ್ಪತ್ರೆಯೇ ಯಾಕೆ ಅನ್ನೋದಕ್ಕೆ ಒಂದು ಪ್ಯಾರಾ.

ನನ್ನ ನಿಲುವು ಇದು. ಜಾತಿಯನ್ನ ಮುಚ್ಚಿಡಬೇಕಾಗಿಲ್ಲ, ನೋವನ್ನ ಮಾರಬೇಕಾಗೂ ಇಲ್ಲ. ನಿಮ್ಮ ಹಿನ್ನೆಲೆ ನಿಮಗೆ ಯಾವ ಕೆಲಸ ಕಲಿಸಿತೋ ಅಲ್ಲಿಗೆ ಓದುಗರನ್ನ ಕರ್ಕೊಂಡು ಹೋಗೋದಾದ್ರೆ ಬರೀರಿ. ಬರೀಬಾರದು ಅನ್ನಿಸಿದರೆ ಅದೂ ನಿಮ್ಮ ಹಕ್ಕೇ, ಯಾರಿಗೂ ಲೆಕ್ಕ ಕೊಡಬೇಕಿಲ್ಲ.

ಕೊನೇದು ರ‍್ಯಾಂಕ್ ಪಟ್ಟಿ. ಸಂದರ್ಶನ ಮುಗಿದ ಮೇಲೆ ನೀವೂ ಆಸ್ಪತ್ರೆಗಳನ್ನ ಕ್ರಮವಾಗಿ ಬರೀಬೇಕು. "ಅಷ್ಟು ದೊಡ್ಡ ಕಡೆ ನಮ್ಮನ್ನ ಯಾರು ತಗೋತಾರೆ" ಅಂತ ಇಷ್ಟದ ಜಾಗವನ್ನ ಕೆಳಗೆ ಹಾಕ್ಬೇಡಿ. ನಿಮ್ಮ ಆಸೆಯ ಕ್ರಮದಲ್ಲೇ ಬರೆದರೆ ನಷ್ಟ ಆಗದ ಹಾಗೆ ಮ್ಯಾಚ್ ಲೆಕ್ಕ ನಡೆಯುತ್ತೆ. ಮೇಲಿನದು ಸಿಗದಿದ್ದರೆ ಮುಂದಿನದಕ್ಕೆ ನಿಮ್ಮ ಅವಕಾಶ ಕಮ್ಮಿ ಆಗಲ್ಲ.

ಕರ್ನಾಟಕದಲ್ಲೇ ಓದ್ತಿರೋರಿಗೆ: ಇಲ್ಲಿಗೆ ಬರೋಕೆ ಮೊದಲು ಎಫ್‌ಪಿಜಿಇಸಿ ಪ್ರಮಾಣಪತ್ರ ಬೇಕು. 2003ರಿಂದೀಚೆ ಪದವಿ ಪಡೆದವರಿಗೆ ಕನಿಷ್ಠ ಐದು ವರ್ಷದ ಕೋರ್ಸ್ ಆಗಿರಬೇಕು. ನಾಲ್ಕು ವರ್ಷದ ಬಿ.ಫಾರ್ಮ್ ಸಾಲಲ್ಲ, ಆರು ವರ್ಷದ ಫಾರ್ಮ್.ಡಿ ಆಗುತ್ತೆ. ವೀಸಾ ಕೊಡಿಸದ ಆಸ್ಪತ್ರೆಗಳು ಬಹಳ, ಶುಲ್ಕ ಕಟ್ಟೋ ಮೊದಲೇ ಕೇಳಿ. ಏಜೆಂಟರ ಮಾತು ಕೇಳಿ ಸಾಲ ಮಾಡ್ಬೇಡಿ.

ಈಗಾಗಲೇ ಒಳಗೆ ಬಂದಿರೋ ಸಂಗಾತಿಗಳಿಗೆ ಒಂದು ವಿನಂತಿ. ನಿಮ್ಮ ಹಳೇ ಪತ್ರ, ಹಳೇ ಸಿವಿ ಕೊಡಿ. ವಾರಕ್ಕೆ ಒಂದು ಗಂಟೆ ಅಣಕು ಸಂದರ್ಶನಕ್ಕೆ ಕೂತ್ಕೊಳ್ಳಿ. ಬೇರೆಯವರ ಮನೇಲಿ ಊಟದ ಹೊತ್ತಿಗೆ ಸಿಗೋ ಮಾಹಿತಿ ನಮ್ಮ ಮಕ್ಕಳಿಗೆ ಸಂಘಟನೆಯಿಂದ ಸಿಗಲಿ. ಬಾಬಾಸಾಹೇಬರು ಸಂಘಟಿತರಾಗಿ ಅಂದದ್ದು ಬರೀ ಮೆರವಣಿಗೆಗೆ ಅಲ್ಲ.

ಅರ್ಜಿ ಬರೆದವರು ಕಳಿಸಿ, ಓದ್ತೀನಿ.

ಜೈ ಭೀಮ್.