ಸೈಲೆನ್ಸರ್ ಬಾಯಿಯ ಹಿಮ

ಸೋಲಾಂಗ್‌ನಿಂದ ಅಟಲ್ ಸುರಂಗಕ್ಕೆ ಹೋಗುವ ರಸ್ತೆಯಲ್ಲಿ ನಮ್ಮ ಟ್ಯಾಕ್ಸಿ ನಿಂತಾಗ ಸಂಜೆ ಐದು. ನಾವು ಮೂವರು ಗೆಳತಿಯರು. ಮುಂದೆ ಜಾರಿ ಅಡ್ಡ ನಿಂತ ಕಾರುಗಳು, ಹಿಂದೆ ಕಣ್ಣಿಗೆಟುಕದಷ್ಟು ಉದ್ದದ ಸಾಲು. ಕುಲ್ಲು ಕಡೆಯ ಚಾಲಕರು ಎಂಜಿನ್ ಆರಿಸಿ, "ದೀದಿ, ಇರೋ ಬಟ್ಟೆಯೆಲ್ಲ ಹಾಕಿಕೊಳ್ಳಿ" ಎಂದವರೇ ಸಲಿಕೆ ಹಿಡಿದು ಗಾಡಿಯ ಹಿಂದಕ್ಕೆ ಹೋದರು. ಸೈಲೆನ್ಸರ್ ಬಾಯಿಗೆ ಕೂತ ಹಿಮ ಕೆರೆದು ಬಂದ ಮೇಲೆಯೇ ಎಂಜಿನ್, ಹೀಟರ್. ಅದೂ ಗಂಟೆಗೆ ಹತ್ತೇ ನಿಮಿಷ, ಗಾಳಿ ಬೀಸದ ಕಡೆಯ ಕಿಟಕಿಯನ್ನು ಒಂದು ಬೆರಳಷ್ಟು ಇಳಿಸಿ.

ನನಗೆ ಪಾಕಿಸ್ತಾನದ ಮರ್ರಿ ನೆನಪಾಯಿತು. 2022ರ ಜನವರಿಯಲ್ಲಿ ಹಿಮ ನೋಡಲು ಹೋದವರ ಕಾರುಗಳು ಅಲ್ಲಿ ರಾತ್ರಿಯಿಡೀ ಸಿಕ್ಕಿಬಿದ್ದು, ಮಕ್ಕಳೂ ಸೇರಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಚಳಿಯ ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಕೂಡ ಕಾರಣವೆಂದು ಆಗ ವರದಿಯಾಗಿತ್ತು. ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದು ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು ಬಂದರೆ ಪ್ರಯಾಣದ ಆಯಾಸ ಅಂದುಕೊಳ್ಳುತ್ತೇವೆ. ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿರುವ ನಾನು ಈ ಅಂಕಿಯನ್ನು ಪರೀಕ್ಷೆಗಳಲ್ಲಿ ಎಷ್ಟು ಸಲ ಬರೆದಿದ್ದೇನೋ! ಸಲಿಕೆಯ ಮಾತು ಮಾತ್ರ ಯಾವ ಪಠ್ಯದಲ್ಲೂ ಇರಲಿಲ್ಲ.

ಹಿಂದಿನ ಕಾರಿನ ಹುಡುಗರು ಕ್ಯಾನ್ವಾಸ್ ಶೂನಲ್ಲೇ ನಡೆದು ಮನಾಲಿಗೆ ಹೊರಟಿದ್ದರು. ನಮ್ಮ ಚಾಲಕರು ಬೈದು ನಿಲ್ಲಿಸಿದರು: "ಹುಡುಕುವವರಿಗೆ ಗಾಡಿ ಕಾಣುತ್ತೆ, ಮನುಷ್ಯ ಕಾಣಲ್ಲ." ಅಮ್ಮ ಕಟ್ಟಿಕೊಟ್ಟ ಚಕ್ಕುಲಿ ಎರಡೂ ಗಾಡಿಗೆ ಹಂಚಿಕೆಯಾಯಿತು. ಎಲ್ಲರೂ ಒಟ್ಟಿಗೆ ಮಲಗುವಂತಿಲ್ಲ ಎಂದು ಪಾಳಿ ಹಾಕಿಕೊಂಡೆವು. ನನ್ನದು ಹನ್ನೆರಡರಿಂದ. ಎರಡು ಸಲ ಇಳಿದು ಹಿಮ ಕೆರೆದೆ. ಮೂರನೆಯ ಸಲ ಇಳಿದಾಗ ತಿರುವಿನಲ್ಲಿ ಜೆಸಿಬಿಯ ಹಳದಿ ದೀಪ ಕಂಡಿತು.